ಜಾಥಾ ಆಮೇಲೆ, ಮೊದಲು ಸಂಜೆಯ ಲೆಕ್ಕ

ಪ್ರಶ್ನೆ: ನಾನು ಪದವಿ ಎರಡನೇ ವರ್ಷದ ವಿದ್ಯಾರ್ಥಿನಿ. ನಮ್ಮ ಜೊತೆಯಲ್ಲೇ ಆಡಿ ಬೆಳೆದ ಒಬ್ಬ ಹುಡುಗ ಮಾದಕ ವಸ್ತುವಿನ ಚಟಕ್ಕೆ ಬಿದ್ದು, ಎರಡು ವರ್ಷ ಒದ್ದಾಡಿ, ಚಿಕಿತ್ಸೆ ಮುಗಿಸಿ ಈಗ ಮನೆಗೆ ಬಂದಿದ್ದಾನೆ. ಅದಾದ ಮೇಲೆ ನಾವು ಒಂಬತ್ತು ಜನ ಸೇರಿ ಏನಾದರೂ ಮಾಡಬೇಕು ಅಂತ ಹೊರಟಿದ್ದೇವೆ. ಜಾಥಾ, ಪೋಸ್ಟರ್, ಶಾಲೆಗಳಲ್ಲಿ ಭಾಷಣ ಎಂದು ಪಟ್ಟಿ ಮಾಡಿದ್ದೇವೆ. ಆ ಹುಡುಗನನ್ನೇ ವೇದಿಕೆಗೆ ಕರೆದು ಮಾತಾಡಿಸುವ ಯೋಚನೆಯೂ ಇದೆ. ದೊಡ್ಡವರು ‘ಮೊದಲು ನೀವು ನೆಟ್ಟಗೆ ಓದಿ’ ಎನ್ನುತ್ತಾರೆ. ನಮ್ಮಲ್ಲೇ ಒಬ್ಬ ಆಗಾಗ ಸಿಗರೇಟು ಸೇದುತ್ತಾನೆ, ಅವನನ್ನು ಗುಂಪಿನಿಂದ ಬಿಡಬೇಕಾ? ಎಲ್ಲಿಂದ ಶುರು ಮಾಡೋದು? ನಮ್ಮಂಥವರಿಂದ ನಿಜಕ್ಕೂ ಏನಾದರೂ ಬದಲಾಗುತ್ತಾ?

ಉತ್ತರ: ನಿಮ್ಮ ಪತ್ರ ಓದಿ ಮೊದಲು ಖುಷಿಯಾಯಿತು. ಆಮೇಲೆ ಸ್ವಲ್ಪ ಗಾಬರಿಯೂ ಆಯಿತು. ಖುಷಿ ಯಾಕೆಂದರೆ ನೀವು ಒಬ್ಬರಲ್ಲ, ಒಂಬತ್ತು ಜನ ಇದ್ದೀರಿ. ಗಾಬರಿ ಯಾಕೆಂದರೆ ನಿಮ್ಮ ಪಟ್ಟಿಯಲ್ಲಿ ಇರುವುದನ್ನೆಲ್ಲ ನಾನೂ ಒಂದು ಕಾಲದಲ್ಲಿ ಮಾಡಿ ಕೈ ಸುಟ್ಟುಕೊಂಡಿದ್ದೇನೆ.

ಆ ಕತೆ ಹೇಳಿಬಿಡುತ್ತೇನೆ. ಈ ಕೆಲಸಕ್ಕೆ ಬಂದ ಹೊಸದರಲ್ಲಿ ಒಂದು ಶಾಲೆಗೆ ಹೋಗಿದ್ದೆ. ಕೈಯಲ್ಲಿ ದೊಡ್ಡ ದೊಡ್ಡ ಚಿತ್ರಗಳು: ಕಪ್ಪಾದ ಶ್ವಾಸಕೋಶ, ಕೆಟ್ಟುಹೋದ ಲಿವರ್, ಒಂದು ತಲೆಬುರುಡೆ. ಯಾವ ಯಾವ ಮಾದಕ ವಸ್ತು, ಅದು ನೋಡಲು ಹೇಗಿರುತ್ತದೆ, ತಗೊಂಡರೆ ಏನಾಗುತ್ತದೆ ಅಂತ ನಲವತ್ತು ನಿಮಿಷ ಹೇಳಿದೆ. ಮಕ್ಕಳು ಜೋರಾಗಿ ಚಪ್ಪಾಳೆ ತಟ್ಟಿದರು. ಹೊರಡುವಾಗ ಹದಿಮೂರು ವರ್ಷದ ಒಬ್ಬ ಹುಡುಗ ಹಿಂದೆಯೇ ಬಂದ. “ಸರ್, ಮೂರನೇದು ಹೇಳಿದ್ರಲ್ಲ, ಅದು ವಾಸನೆ ಬರಲ್ವಾ? ಮನೇಲಿ ಗೊತ್ತಾಗಲ್ವಾ?” ಅಂತ ಕೇಳಿದ. ಆ ದಿನದವರೆಗೆ ಅವನಿಗೆ ಅದರ ಹೆಸರೇ ಗೊತ್ತಿರಲಿಲ್ಲ. ಗೊತ್ತು ಮಾಡಿಸಿದವನು ನಾನು.

ಹೀಗೆ ಎಡವಿದವನು ನಾನೊಬ್ಬನೇ ಅಲ್ಲ. 1983ರಲ್ಲಿ ಅಮೆರಿಕದ ಲಾಸ್ ಏಂಜಲೀಸ್‌ನಲ್ಲಿ ‘ಡೇರ್’ ಎಂಬ ಕಾರ್ಯಕ್ರಮ ಶುರುವಾಯಿತು. ಪೊಲೀಸರು ಯೂನಿಫಾರ್ಮ್ ಹಾಕಿಕೊಂಡೇ ತರಗತಿಗೆ ಬಂದು ಡ್ರಗ್ಸ್ ಬಗ್ಗೆ ಪಾಠ ಮಾಡುತ್ತಿದ್ದರು. ಅಪ್ಪ ಅಮ್ಮಂದಿರಿಗೂ ಇಷ್ಟ, ಶಾಲೆಗೂ ಇಷ್ಟ, ರಾಜಕಾರಣಿಗಳಿಗಂತೂ ಇನ್ನೂ ಇಷ್ಟ. ದೇಶದ ಹೆಚ್ಚಿನ ಭಾಗಕ್ಕೆ ಅದು ಹಬ್ಬಿತು. ಸಂಶೋಧಕರು ಲೆಕ್ಕ ತೆಗೆಯಲು ಕೂತಾಗ ಮಾತ್ರ ಕತೆ ಬೇರೆಯಾಯಿತು. 1999ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಆ ಪಾಠ ಕೇಳಿದ ಮಕ್ಕಳನ್ನು ಹತ್ತು ವರ್ಷ ಬಿಟ್ಟು, ಅವರಿಗೆ ಇಪ್ಪತ್ತು ವರ್ಷ ಆದಾಗ ಮತ್ತೆ ವಿಚಾರಿಸಿದರು. ಆ ಪಾಠ ಕೇಳಿದವರಿಗೂ ಕೇಳದವರಿಗೂ ಹೇಳಿಕೊಳ್ಳುವಂಥ ವ್ಯತ್ಯಾಸವೇ ಕಾಣಲಿಲ್ಲ. ಆಮೇಲೆ ಆ ಸಂಸ್ಥೆ ತನ್ನ ಪಾಠವನ್ನೇ ಬದಲಾಯಿಸಿಕೊಂಡಿತು ಅನ್ನಿ.

ಇನ್ನೊಂದು ಇದಕ್ಕಿಂತ ದುಬಾರಿ ಪಾಠ. ಅದೇ ದೇಶ 1998ರಿಂದ 2004ರವರೆಗೆ ಹದಿಹರೆಯದವರಿಗಾಗಿ ಡ್ರಗ್ಸ್ ವಿರುದ್ಧ ಟಿವಿ, ರೇಡಿಯೋ, ಪತ್ರಿಕೆಗಳಲ್ಲಿ ಜಾಹೀರಾತು ಹರಿಸಿತು. ಹತ್ತಿರ ಹತ್ತಿರ ನೂರು ಕೋಟಿ ಡಾಲರ್ ಎತ್ತಿಟ್ಟಿತ್ತು. 2008ರಲ್ಲಿ ಬಂದ ಮೌಲ್ಯಮಾಪನ ಹೇಳಿದ್ದೇನು ಗೊತ್ತಾ? ಉಪಯೋಗ ಕಾಣಲಿಲ್ಲ. ಅಷ್ಟೇ ಅಲ್ಲ, ಜಾಸ್ತಿ ಜಾಹೀರಾತು ನೋಡಿದ ಕೆಲವು ಮಕ್ಕಳಲ್ಲಿ ಗಾಂಜಾ ಬಗ್ಗೆ ಒಲವು ಸ್ವಲ್ಪ ಹೆಚ್ಚಿದ್ದರೂ ಇರಬಹುದು ಎಂಬ ಸುಳಿವು ಸಿಕ್ಕಿತು. ಕಾರಣವಾಗಿ ಒಂದು ಊಹೆ ಮುಂದಿಟ್ಟರು. ‘ಬೇಡ, ಬೇಡ’ ಎಂದು ದಿನಾ ಹೇಳುತ್ತಿದ್ದರೆ ಮಗು ಕೇಳಿಸಿಕೊಳ್ಳುವುದು ‘ಓಹೋ, ಎಲ್ಲರೂ ಮಾಡ್ತಿದ್ದಾರೆ’ ಅಂತ.

ಈ ಊಹೆ ಸುಮ್ನೆ ಹುಟ್ಟಿದ್ದಲ್ಲ. 1986ರಲ್ಲಿ ಪರ್ಕಿನ್ಸ್ ಮತ್ತು ಬರ್ಕೊವಿಟ್ಜ್ ಎಂಬ ಇಬ್ಬರು ಸಂಶೋಧಕರು ಒಂದು ಕಾಲೇಜಿನ ವಿದ್ಯಾರ್ಥಿಗಳನ್ನು ಕೇಳಿ ನೋಡಿದರು. ಕುಡಿತದ ಬಗ್ಗೆ ನಿಮಗೆಷ್ಟು ಸರಿ ಅನಿಸುತ್ತದೆ, ಉಳಿದವರಿಗೆ ಎಷ್ಟು ಸರಿ ಅನಿಸುತ್ತದೆ ಎಂದು. ಹೆಚ್ಚಿನವರು ತಾವು ಪರವಾಗಿಲ್ಲ, ಉಳಿದವರೇ ಜಾಸ್ತಿ ಎಂದುಕೊಂಡಿದ್ದರು. ಆಮೇಲೆ ಬೇರೆ ಬೇರೆ ಕಡೆ ಇದನ್ನೇ ಮತ್ತೆ ಮತ್ತೆ ಕಂಡಿದ್ದಾರೆ. ನೀವೂ ಯೋಚಿಸಿ ನೋಡಿ. ಹತ್ತು ಜನರಲ್ಲಿ ಒಬ್ಬ ಕುಡಿದು ಗಲಾಟೆ ಮಾಡಿದರೆ ಮಾರನೇ ದಿನ ಮಾತಾಡುವುದು ಅವನ ಬಗ್ಗೆಯೇ. ಮನೆಗೆ ಹೋಗಿ ಮಲಗಿದ ಒಂಬತ್ತು ಜನರ ಬಗ್ಗೆ ಯಾರು ಮಾತಾಡುತ್ತಾರೆ? ಹಾಗಾಗಿ ‘ಯುವಜನ ಹಾಳಾಗುತ್ತಿದ್ದಾರೆ’ ಎಂದು ಬರೆದ ಪೋಸ್ಟರ್, ಹಿಡಿಯುವವರಿಗೆ ಎಷ್ಟೇ ಒಳ್ಳೆಯ ಉದ್ದೇಶ ಇರಲಿ, ಓದುವ ಹದಿನಾಲ್ಕರ ಹುಡುಗನಿಗೆ ‘ನೀನೊಬ್ಬನೇ ಹಿಂದೆ ಉಳಿದಿದ್ದೀಯ’ ಎಂದು ಹೇಳುತ್ತದೆ.

ಇಷ್ಟು ಹೇಳಿದ ಮೇಲೆ ನಿಮ್ಮ ಕೊನೆಯ ಪ್ರಶ್ನೆಯನ್ನೇ ಮೊದಲು ತಗೊಳ್ಳುತ್ತೇನೆ. ನಿಮ್ಮಂಥವರಿಂದ ಬದಲಾಗುತ್ತಾ? ಆಗುತ್ತದೆ. ಆಗಿದ್ದೂ ಇದೆ. ಆದರೆ ದೊಡ್ಡವರ ಭಾಷಣವನ್ನು ಚಿಕ್ಕವರ ಬಾಯಲ್ಲಿ ಹೇಳಿಸಿ ಆಗಿದ್ದಲ್ಲ.

ಅಮೆರಿಕದ ಫ್ಲೋರಿಡಾ ರಾಜ್ಯಕ್ಕೆ 1997ರಲ್ಲಿ ಸಿಗರೇಟ್ ಕಂಪನಿಗಳ ಜೊತೆಗಿನ ಮೊಕದ್ದಮೆ ರಾಜಿಯಾಗಿ ದೊಡ್ಡ ಮೊತ್ತ ಬಂತು. ಅದರಲ್ಲಿ ಒಂದಿಷ್ಟನ್ನು ಮಕ್ಕಳ ಧೂಮಪಾನ ತಡೆಯಲು ಇಟ್ಟರು. 1998ರಲ್ಲಿ ಹದಿಹರೆಯದವರನ್ನೇ ಸೇರಿಸಿ, ‘ಏನು ಮಾಡೋಣ, ನೀವೇ ಹೇಳಿ’ ಎಂದರು. ಆ ಹುಡುಗ ಹುಡುಗಿಯರು ಶ್ವಾಸಕೋಶದ ಚಿತ್ರ ಕೇಳಲಿಲ್ಲ. ಸಿಗರೇಟಿನಿಂದ ಸಾಯುತ್ತಾರೆ ಅಂತ ನಮಗೆ ಗೊತ್ತು, ಅದನ್ನೇ ಮತ್ತೆ ಹೇಳಬೇಡಿ ಅಂದರು. ಕಂಪನಿಗಳು ನಮ್ಮನ್ನು ಹೇಗೆ ಬಲೆಗೆ ಹಾಕಿಕೊಳ್ಳುತ್ತವೆ, ಅದನ್ನು ಬಯಲು ಮಾಡೋಣ ಅಂದರು. ‘ಟ್ರೂತ್’ ಎಂಬ ಆಂದೋಲನ ಹುಟ್ಟಿದ್ದು ಹಾಗೆ. ಜೊತೆಗೆ ರಾಜ್ಯದ ತುಂಬ ವಿದ್ಯಾರ್ಥಿಗಳದೇ ಸಂಘಟನೆ ಬೆಳೆಯಿತು. ಎರಡೇ ವರ್ಷದಲ್ಲಿ, ಅಂದರೆ 1998ರಿಂದ 2000ಕ್ಕೆ, ಅಲ್ಲಿನ ಮಾಧ್ಯಮಿಕ ಶಾಲೆಯ ಮಕ್ಕಳಲ್ಲಿ ಸಿಗರೇಟು ಸೇದುವವರು 18.5%ರಿಂದ 11.1%ಕ್ಕೆ ಇಳಿದರು. ಪ್ರೌಢಶಾಲೆಯಲ್ಲಿ 27.4%ರಿಂದ 22.6%ಕ್ಕೆ. ಸಣ್ಣ ಮಕ್ಕಳಲ್ಲಿ ಇಳಿಕೆ ಜಾಸ್ತಿ ಎನ್ನುವುದನ್ನು ಗಮನಿಸಿ, ಅದು ಮುಂದೆ ಕೆಲಸಕ್ಕೆ ಬರುತ್ತದೆ.

ಇಲ್ಲೊಂದು ತಮಾಷೆ ಇದೆ. ಅದೇ ಕಾಲದಲ್ಲಿ ಒಂದು ದೊಡ್ಡ ಸಿಗರೇಟ್ ಕಂಪನಿ ತಾನೇ ದುಡ್ಡು ಹಾಕಿ ‘ಯೋಚಿಸಿ, ಸೇದಬೇಡಿ’ ಎಂಬ ಜಾಹೀರಾತು ಮಾಡಿತು. 2002ರ ಅಧ್ಯಯನವೊಂದರ ಪ್ರಕಾರ ಅದನ್ನು ನೋಡಿದ ಮಕ್ಕಳಲ್ಲಿ ‘ಮುಂದೆ ಸೇದಿದರೂ ಸೇದಬಹುದು’ ಎನ್ನುವವರು, ನೋಡದ ಮಕ್ಕಳಿಗಿಂತ ಹೆಚ್ಚಿದ್ದರು. ನಿಮಗೆ ನಾಳೆ ಯಾರಾದರೂ ಟೀ ಶರ್ಟ್ ಕೊಡುತ್ತೇವೆ, ಬ್ಯಾನರ್ ಹಾಕಿಸುತ್ತೇವೆ ಅಂತ ಬಂದರೆ, ಅವರ ವ್ಯಾಪಾರ ಏನು ಅಂತ ಮೊದಲು ಕೇಳಿ. ಮದ್ಯ, ತಂಬಾಕಿನವರ ದುಡ್ಡು ಬೇಡ. ಇದರಲ್ಲಿ ಎರಡು ಮಾತಿಲ್ಲ.

ಈಗ ನಿಮಗೆ ನೇರವಾಗಿ ಉಪಯೋಗಕ್ಕೆ ಬರುವ ಇನ್ನೊಂದು ಪ್ರಯೋಗ. ಇಂಗ್ಲೆಂಡ್‌ನ ಪಶ್ಚಿಮ ಭಾಗ ಮತ್ತು ವೇಲ್ಸ್‌ನ 59 ಶಾಲೆಗಳಲ್ಲಿ, 12–13 ವರ್ಷದ ಹತ್ತು ಸಾವಿರಕ್ಕೂ ಹೆಚ್ಚು ಮಕ್ಕಳ ನಡುವೆ ಇದನ್ನು ಮಾಡಿ ನೋಡಿದರು. ಫಲಿತಾಂಶ ಪ್ರಕಟವಾದದ್ದು 2008ರಲ್ಲಿ. ಅವರು ಮಾಡಿದ್ದು ಬಹಳ ಸರಳ. ‘ನಿಮ್ಮಲ್ಲಿ ಯಾರ ಮಾತಿಗೆ ಬೆಲೆ ಜಾಸ್ತಿ? ನೀವು ಯಾರನ್ನು ನೋಡಿ ಕಲಿಯುತ್ತೀರಿ?’ ಅಂತ ಮಕ್ಕಳನ್ನೇ ಕೇಳಿ, ಗುಟ್ಟಾಗಿ ಹೆಸರು ಬರೆಸಿಕೊಂಡರು. ಹೆಚ್ಚು ಸಲ ಬಂದ ಹೆಸರಿನವರನ್ನು ಎರಡು ದಿನ ಶಾಲೆಯ ಹೊರಗೆ ಕರೆದುಕೊಂಡು ಹೋಗಿ ತರಬೇತಿ ಕೊಟ್ಟರು. ಭಾಷಣ ಮಾಡೋದಕ್ಕಲ್ಲ. ಆಟದ ಹೊತ್ತಲ್ಲಿ, ಬಸ್ಸಲ್ಲಿ, ಊಟದ ಬಿಡುವಲ್ಲಿ ಮಾತು ಬಂದಾಗ ಏನು ಹೇಳಬಹುದು, ಹೇಗೆ ಕೇಳಿಸಿಕೊಳ್ಳಬೇಕು, ಅಷ್ಟೇ. ಹತ್ತು ವಾರ ಅವರು ಹಾಗೆ ಮಾತಾಡುತ್ತ ಹೋದರು. ಒಂದು ವರ್ಷದ ನಂತರ ನೋಡಿದಾಗ, ಈ ತರಬೇತಿ ನಡೆದ ಶಾಲೆಗಳ ಮಕ್ಕಳು ಸಿಗರೇಟು ಹಿಡಿಯುವ ಸಂಭವ, ಅದು ನಡೆಯದ ಶಾಲೆಗಳಿಗಿಂತ ಐದರಲ್ಲಿ ಒಂದು ಪಾಲಿಗೂ ಮೀರಿ ತಗ್ಗಿತ್ತು.

ಇದರಲ್ಲಿ ನನಗೆ ತುಂಬ ಇಷ್ಟವಾದದ್ದು ಆಯ್ಕೆಯ ರೀತಿ. ಹೆಸರು ಬಂದವರೆಲ್ಲ ಮೊದಲ ಬೆಂಚಿನವರಲ್ಲ. ತರಲೆಗಳೂ ಇದ್ದರು, ಮೇಷ್ಟ್ರು ತಲೆ ಚಚ್ಚಿಕೊಳ್ಳುವಂಥವರೂ ಇದ್ದರು. ಇಂಥ ಕೆಲಸಕ್ಕೆ ನಾವು ದೊಡ್ಡವರು ಆರಿಸಿದರೆ ಯಾರನ್ನು ಆರಿಸುತ್ತೇವೆ ಹೇಳಿ? ಚೆನ್ನಾಗಿ ಓದುವ, ತಲೆ ಬಾಚಿಕೊಂಡು ಬರುವ, ಮೈಕ್ ಕೊಟ್ಟರೆ ತಡವರಿಸದ ಮಕ್ಕಳನ್ನು. ಹಿಂದಿನ ಬೆಂಚಿನವನು ಅವರ ಮಾತನ್ನು ಯಾಕೆ ಕೇಳುತ್ತಾನೆ? ನಿಮ್ಮ ಒಂಬತ್ತು ಜನರನ್ನು ಒಮ್ಮೆ ಈ ಕಣ್ಣಿನಿಂದ ನೋಡಿಕೊಳ್ಳಿ. ಎಲ್ಲರೂ ಒಂದೇ ಥರದವರಾಗಿದ್ದರೆ, ಒಂದೇ ಕಾಲೇಜು, ಒಂದೇ ಕಟ್ಟೆ ಆಗಿದ್ದರೆ, ಇನ್ನೂ ಮೂರ್ನಾಲ್ಕು ಜನ ಬೇಕು. ಕಾಲೇಜು ಬಿಟ್ಟು ಕೆಲಸಕ್ಕೆ ಹೋಗುವವರು, ಆಟದ ಮೈದಾನದಲ್ಲಿ ಹೆಸರಿರುವವರು, ಸುಮ್ನೆ ಎಲ್ಲರ ಜೊತೆ ನಗುತ್ತ ಇರುವವರು.

ಸಿಗರೇಟು ಸೇದುವ ಗೆಳೆಯನ ವಿಷಯ ಇಲ್ಲೇ ಹೇಳುತ್ತೇನೆ. ಬಿಡಬೇಡಿ. ಅವನನ್ನು ಹೊರಗೆ ಹಾಕಿದ ದಿನವೇ ‘ಇದು ಒಳ್ಳೆಯವರ ಸಂಘ’ ಎಂಬ ಸುದ್ದಿ ಹರಡುತ್ತದೆ. ನಿಮಗೆ ನಿಜವಾಗಿ ಬೇಕಾದವರು ಮತ್ತೆ ಹತ್ತಿರ ಸುಳಿಯುವುದಿಲ್ಲ. ಹಾಗಂತ ಏನೂ ಗೊತ್ತಿಲ್ಲದವರಂತೆ ಇರುವುದೂ ಸರಿಯಲ್ಲ. ಚಿಕ್ಕ ಮಕ್ಕಳ ಎದುರು ಸೇದುವುದಿಲ್ಲ, ಸಭೆಗೆ ಬರುವಾಗ ಸೇದುವುದಿಲ್ಲ, ಶಾಲೆಯಲ್ಲಿ ಮಾತಾಡುವ ಜವಾಬ್ದಾರಿ ಸದ್ಯಕ್ಕೆ ಅವನಿಗಿಲ್ಲ ಎಂದು ನೇರವಾಗಿ ಮಾತಾಡಿಕೊಳ್ಳಿ. ಆಮೇಲೆ ಉಪದೇಶ ಬಿಟ್ಟು ಒಂದು ದಿನ ಕೇಳಿ: “ಸೇದಿದರೆ ನಿನಗೆ ಏನು ಸಿಗುತ್ತೆ? ಯಾವಾಗ ಸೇದಲೇಬೇಕು ಅನಿಸುತ್ತೆ?” ಅವನು ಹೇಳುವ ಉತ್ತರದಲ್ಲಿ ನಿಮ್ಮ ಇಡೀ ಕೆಲಸದ ಸುಳಿವು ಇರುತ್ತದೆ. ಬೇಜಾರು, ಪರೀಕ್ಷೆಯ ಹೆದರಿಕೆ, ಮನೆಯಲ್ಲಿ ಜಗಳ, ಗುಂಪಿನಲ್ಲಿ ಒಬ್ಬನಾಗುವ ಆಸೆ. ಏನು ಬರುತ್ತದೋ ನೋಡಿ.

ಎಲ್ಲಿಂದ ಶುರು ಮಾಡೋದು ಅಂದರೆ, ಇಂಥ ಉತ್ತರಗಳನ್ನು ಕೂಡಿಸುವುದರಿಂದ. ಇದಕ್ಕೆ ಐಸ್‌ಲ್ಯಾಂಡ್ ದೇಶದ ಕತೆ ಹೇಳಲೇಬೇಕು. 1998ರಲ್ಲಿ ಅಲ್ಲಿ 15–16 ವರ್ಷದ ಮಕ್ಕಳಲ್ಲಿ 42% ಜನ ಹಿಂದಿನ ಒಂದು ತಿಂಗಳಲ್ಲಿ ಒಮ್ಮೆಯಾದರೂ ಕುಡಿದು ಅಮಲೇರಿದ್ದೇವೆ ಎಂದಿದ್ದರು. 23% ದಿನಾ ಸಿಗರೇಟು ಸೇದುತ್ತಿದ್ದರು. 2016ರ ಹೊತ್ತಿಗೆ ಇವು 5%ಕ್ಕೆ, 3%ಕ್ಕೆ ಬಂದವು. ಗಾಂಜಾ ಒಮ್ಮೆಯಾದರೂ ಮುಟ್ಟಿದವರು 17%ರಿಂದ 7%ಕ್ಕೆ ಇಳಿದರು. ಅಲ್ಲಿ ಮಾಡಿದ ಮುಖ್ಯ ಕೆಲಸ, ಪದೇ ಪದೇ ಶಾಲೆಗಳಲ್ಲಿ ಹೆಸರಿಲ್ಲದ ಪ್ರಶ್ನಾವಳಿ ಕೊಟ್ಟು ಕೇಳುವುದು. ಬರೀ ‘ಕುಡಿದೆಯಾ’ ಅಂತಲ್ಲ. ಸಂಜೆ ಎಲ್ಲಿರುತ್ತೀಯ, ಅಪ್ಪ ಅಮ್ಮನ ಜೊತೆ ಎಷ್ಟು ಹೊತ್ತು ಕಳೆಯುತ್ತೀಯ, ಆಟಕ್ಕೋ ಸಂಗೀತಕ್ಕೋ ವಾರಕ್ಕೆ ಎಷ್ಟು ದಿನ ಹೋಗುತ್ತೀಯ, ಶಾಲೆಯಲ್ಲಿ ನಿನ್ನನ್ನು ಕೇಳುವವರು ಇದ್ದಾರಾ ಎಂದೂ ಕೇಳಿದರು. ಉತ್ತರ ಸ್ಪಷ್ಟವಾಗಿತ್ತು. ಮೇಲ್ವಿಚಾರಣೆ ಇರುವ ಚಟುವಟಿಕೆಗೆ ವಾರಕ್ಕೆ ಮೂರ್ನಾಲ್ಕು ದಿನ ಹೋಗುವವರು, ಮನೆಯವರ ಜೊತೆ ಹೊತ್ತು ಕಳೆಯುವವರು, ತಡರಾತ್ರಿ ಹೊರಗೆ ಅಲೆಯದವರು ಕುಡಿತ, ಸಿಗರೇಟಿನ ಕಡೆ ವಾಲಿದ್ದು ಕಡಿಮೆ. ಆ ಲೆಕ್ಕವನ್ನು ಆಯಾ ಊರಿಗೆ, ಆಯಾ ಶಾಲೆಗೆ ಬೇಗನೆ ವಾಪಸ್ ಕೊಟ್ಟರು. ಅದರ ಮೇಲೆ ಊರುಗಳು ಆಟ, ಕಲೆಗಳಿಗೆ ದುಡ್ಡು ಹಾಕಿದವು. ಪೋಷಕರು ಗುಂಪು ಕಟ್ಟಿಕೊಂಡು ರಾತ್ರಿ ಒಂದು ಸುತ್ತು ಬರುತ್ತಿದ್ದರು. ರಾತ್ರಿ ಇಷ್ಟು ಗಂಟೆಯೊಳಗೆ ಮಕ್ಕಳು ಮನೆಯಲ್ಲಿರಬೇಕೆಂಬ ಕಾನೂನೂ ಅಲ್ಲಿದೆ.

ಒಂದು ಮಾತು ಸೇರಿಸಬೇಕು. ಅದು ಸಣ್ಣ ದೇಶ, ಸರ್ಕಾರ ಕೈಜೋಡಿಸಿತ್ತು, ಮುಂದೆ ನಿಂತವರು ಹೆಚ್ಚಾಗಿ ದೊಡ್ಡವರೇ. ಹಾಗೇ ಎತ್ತಿಕೊಂಡು ಬಂದು ನಿಮ್ಮಲ್ಲಿ ನೆಡಲು ಆಗುವುದಿಲ್ಲ. ಆದರೆ ಕೇಳಿ, ಲೆಕ್ಕ ತೆಗೆದು, ಆಮೇಲೆ ಕೈ ಹಾಕುವ ಕ್ರಮ ಇದೆಯಲ್ಲ, ಅದಕ್ಕೆ ಯಾವ ಸರ್ಕಾರದ ಅಪ್ಪಣೆಯೂ ಬೇಡ. ಅದನ್ನು ನೀವು ದೊಡ್ಡವರಿಗಿಂತ ಚೆನ್ನಾಗಿ ಮಾಡಬಲ್ಲಿರಿ. ಸಂಜೆ ಏಳಕ್ಕೆ ಯಾರು ಎಲ್ಲಿ ಕೂತಿರುತ್ತಾರೆ, ಯಾವ ಅಂಗಡಿಯವನು ವಯಸ್ಸು ಕೇಳದೆ ಕೊಡುತ್ತಾನೆ, ಯಾವ ಮೈದಾನಕ್ಕೆ ಐದಕ್ಕೇ ಬೀಗ ಬೀಳುತ್ತದೆ, ಯಾವ ತಿರುವಿನಲ್ಲಿ ದೀಪ ಉರಿಯುವುದಿಲ್ಲ ಎನ್ನುವುದು ನಿಮಗೆ ಗೊತ್ತು. ನಮಗೆ ಗೊತ್ತಿಲ್ಲ.

ಹೇಗೆ ಕೇಳಬೇಕು ಅಂತ ಸ್ವಲ್ಪ ವಿವರವಾಗಿ ಹೇಳುತ್ತೇನೆ, ಇಲ್ಲಿ ತಪ್ಪಿದರೆ ಉಳಿದದ್ದೆಲ್ಲ ತಪ್ಪುತ್ತದೆ. ಒಂದು ಪುಟದ ಚೀಟಿ ಸಾಕು. ಹೆಸರು ಬೇಡ, ತರಗತಿಯ ಕ್ರಮಸಂಖ್ಯೆ ಬೇಡ, ಕೈಬರಹವೂ ಬೇಡ. ಬರೀ ಟಿಕ್ ಹಾಕುವಂತಿರಲಿ. ಬೀಗ ಹಾಕಿದ ಡಬ್ಬಿಗೆ ಅವರೇ ಹಾಕಲಿ. ಹದಿನೆಂಟು ತುಂಬದ ಮಕ್ಕಳಾದರೆ ಶಾಲೆಯ ಮತ್ತು ಪೋಷಕರ ಒಪ್ಪಿಗೆ ಮೊದಲೇ ತಗೊಳ್ಳಿ. ‘ನಿನಗೆ ಚಟ ಇದೆಯಾ’ ಎನ್ನುವ ಪ್ರಶ್ನೆಗೆ ಯಾರೂ ನಿಜ ಹೇಳುವುದಿಲ್ಲ. ‘ಕಳೆದ 30 ದಿನದಲ್ಲಿ ಎಷ್ಟು ಸಲ’ ಎಂದು ಕೇಳಿ. ಸಿಗರೇಟು, ಮದ್ಯ, ಗಾಂಜಾ ಜೊತೆಗೆ ವೇಪ್ (ಇ-ಸಿಗರೇಟು), ಮೂಸುವ ಅಂಟು ಮತ್ತು ಥಿನ್ನರ್, ಡಾಕ್ಟರ್ ಚೀಟಿ ಇಲ್ಲದೆ ನುಂಗುವ ನೋವಿನ ಮಾತ್ರೆ, ನಿದ್ದೆ ಮಾತ್ರೆ ಇವನ್ನೂ ಸೇರಿಸಿ. ಆದರೆ ಸಣ್ಣ ತರಗತಿಯವರ ಚೀಟಿಯಲ್ಲಿ ಇಷ್ಟು ಉದ್ದದ ಪಟ್ಟಿ ಬೇಡ. ನನ್ನ ಹದಿಮೂರು ವರ್ಷದ ಹುಡುಗನನ್ನು ನೆನಪಿಟ್ಟುಕೊಳ್ಳಿ.

ಆಮೇಲೆ ಎರಡು ಪ್ರಶ್ನೆ ತಪ್ಪದೆ ಇರಲಿ. ಮೊದಲನೆಯದು, ‘ನಿನ್ನ ವಯಸ್ಸಿನ ಹತ್ತು ಜನರಲ್ಲಿ ಎಷ್ಟು ಜನ ಇದನ್ನು ಮಾಡುತ್ತಾರೆ ಅಂತ ನಿನಗನಿಸುತ್ತದೆ?’ ಎರಡನೆಯದು, ‘ಸಂಜೆ ಐದರಿಂದ ಒಂಬತ್ತರವರೆಗೆ ನೀನು ಎಲ್ಲಿ, ಯಾರ ಜೊತೆ ಇರುತ್ತೀಯ?’ ಮೊದಲನೆಯದಕ್ಕೆ ‘ಏಳು’ ಎಂದು ಬಂದು, ಚೀಟಿ ಎಣಿಸಿದಾಗ ನಿಜವಾದ ಲೆಕ್ಕ ‘ಎರಡು’ ಎಂದು ಬಂದರೆ, ನಿಮ್ಮ ಪೋಸ್ಟರ್ ಸಿಕ್ಕಿತು. ‘ಹತ್ತರಲ್ಲಿ ಎಂಟು ಜನ ಮುಟ್ಟುವುದೇ ಇಲ್ಲ.’ ಅದು ನಿಮ್ಮದೇ ಶಾಲೆಯ, ನಿಮ್ಮದೇ ಚೀಟಿಯ ನಿಜ. ತಲೆಬುರುಡೆ ಬೇಕಾಗುವುದಿಲ್ಲ. ಲೆಕ್ಕ ನಿಜಕ್ಕೂ ಜಾಸ್ತಿಯೇ ಬಂದರೆ ಆ ಪೋಸ್ಟರ್ ಬೇಡ, ಸುಳ್ಳು ಸಂಖ್ಯೆ ಹಾಕಿ ಸಿಕ್ಕಿಬೀಳಬೇಡಿ. ಎಂಟು ಹತ್ತು ಜನರ ಸಣ್ಣ ಗುಂಪಿನ ಲೆಕ್ಕವನ್ನು ಬೇರೆಯಾಗಿ ಹೊರಗೆ ಹಾಕಲೇಬೇಡಿ, ಯಾರು ಅಂತ ಊಹಿಸಿಬಿಡುತ್ತಾರೆ.

ಎರಡನೇ ಪ್ರಶ್ನೆಯ ಉತ್ತರಗಳನ್ನು ಒಂದು ನಕ್ಷೆಯ ಮೇಲೆ ಗುರುತು ಹಾಕಿ. ಕಾಗದ, ಪೆನ್ಸಿಲ್ ಸಾಕು. ದೀಪವಿಲ್ಲದ ಜಾಗ, ಬೀಗ ಹಾಕಿದ ಮೈದಾನ, ವಯಸ್ಸು ಕೇಳದ ಅಂಗಡಿ, ಸಂಜೆ ಬಾಗಿಲು ಮುಚ್ಚುವ ಗ್ರಂಥಾಲಯ. ಈ ನಕ್ಷೆ ಹಿಡಿದು ದೊಡ್ಡವರ ಹತ್ತಿರ ಹೋಗಿ. ‘ಮಾದಕ ಮುಕ್ತ ಸಮಾಜ ಮಾಡಿ’ ಅಂದರೆ ಅವರು ತಲೆಯಾಡಿಸಿ ಕಳಿಸುತ್ತಾರೆ. ‘ಮೈದಾನದ ಬೀಗವನ್ನು ಎಂಟರವರೆಗೆ ತೆಗೆದಿಡಿ, ಕೀಲಿ ನಮ್ಮಲ್ಲಿ ಇಬ್ಬರ ಹತ್ತಿರ ಇರಲಿ, ಇಲ್ಲಿ ಎರಡು ದೀಪ ಹಾಕಿ’ ಅಂದರೆ ಹೌದು ಎನ್ನಬೇಕು ಇಲ್ಲ ಎನ್ನಬೇಕು, ಮಧ್ಯದ ದಾರಿ ಇರುವುದಿಲ್ಲ. ಕೇಳುವುದನ್ನು ಇಷ್ಟು ಚಿಕ್ಕದಾಗಿ, ಇಷ್ಟು ಗಟ್ಟಿಯಾಗಿ ಇಡುವುದನ್ನು ಕಲಿತರೆ ‘ಮೊದಲು ಓದಿ’ ಎನ್ನುವವರ ದನಿ ತಾನಾಗಿ ತಗ್ಗುತ್ತದೆ. ಅಂದಹಾಗೆ, ಅವರ ಮಾತಿನಲ್ಲಿ ಒಂದು ಪಾಲು ನಿಜವೂ ಇದೆ. ಪರೀಕ್ಷೆಯ ತಿಂಗಳು ಈ ಕೆಲಸ ನಿಲ್ಲಿಸಿ. ನಿಲ್ಲಿಸುತ್ತೇವೆ ಅಂತ ಮೊದಲೇ ಅವರಿಗೆ ಹೇಳಿ.

ಇದಕ್ಕೆ ಉಲ್ಟಾ ಅಪಾಯವೂ ಇದೆ. ದೊಡ್ಡವರು ಬೇಡ ಎನ್ನುವುದಕ್ಕಿಂತ ‘ಬನ್ನಿ ಬನ್ನಿ’ ಎಂದು ಕರೆದು ಫೋಟೊಗೆ ನಿಲ್ಲಿಸುವುದು ಕೆಲವೊಮ್ಮೆ ಕೆಟ್ಟದ್ದು. ರೋಜರ್ ಹಾರ್ಟ್ ಎಂಬ ವಿದ್ವಾಂಸರು 1992ರಲ್ಲಿ ಯುನಿಸೆಫ್‌ಗೆ ಬರೆದ ಪ್ರಬಂಧದಲ್ಲಿ ಮಕ್ಕಳ ಪಾಲ್ಗೊಳ್ಳುವಿಕೆಯನ್ನು ಎಂಟು ಮೆಟ್ಟಿಲಿನ ಏಣಿಯಾಗಿ ತೋರಿಸಿದರು. ಕೆಳಗಿನ ಮೂರು ಮೆಟ್ಟಿಲನ್ನು ಅವರು ಪಾಲ್ಗೊಳ್ಳುವಿಕೆ ಎಂದೇ ಒಪ್ಪಲಿಲ್ಲ. ಮಕ್ಕಳನ್ನು ದಾಳವಾಗಿ ಬಳಸುವುದು, ಅಲಂಕಾರಕ್ಕೆ ನಿಲ್ಲಿಸುವುದು, ಹೆಸರಿಗೊಬ್ಬರನ್ನು ಕೂರಿಸುವುದು. ಜೂನ್ 26 ಮಾದಕ ವಸ್ತುಗಳ ವಿರುದ್ಧದ ಅಂತರರಾಷ್ಟ್ರೀಯ ದಿನ, ವಿಶ್ವಸಂಸ್ಥೆ 1987ರಲ್ಲಿ ಗೊತ್ತು ಮಾಡಿದ್ದು. ಆ ದಿನ ನಿಮಗೆ ಬರುವ ಕರೆಗಳಲ್ಲಿ ಹೆಚ್ಚಿನವು ಎರಡನೇ ಮೆಟ್ಟಿಲಿನವೇ. ಹೋಗಬೇಡಿ ಅಂತಲ್ಲ. ‘ಜೂನ್ 27ಕ್ಕೆ ನಮ್ಮ ಜೊತೆ ಕೂತು ಈ ನಕ್ಷೆ ನೋಡುತ್ತೀರಾ?’ ಎಂದು ಕೇಳಿ ಹೋಗಿ. ಹಾಗೆ ಕೂರುವ ಒಬ್ಬ ದೊಡ್ಡವರು ಸಿಕ್ಕರೂ ಸಾಕು. ಅವರು ನರ್ಸೋ ಮೇಷ್ಟ್ರೋ ಆಗಿರಬಹುದು, ಯಾರದೋ ಅಮ್ಮ ಆಗಿರಬಹುದು. ನಿಮ್ಮ ಪರವಾಗಿ ಮಾತಾಡುವವರಿಗಿಂತ, ನೀವು ಮಾತಾಡುವಾಗ ಪಕ್ಕದಲ್ಲಿ ಸುಮ್ಮನೆ ಕೂರಬಲ್ಲವರನ್ನು ಹುಡುಕಿ.

ಯಾವ ವಯಸ್ಸಿನವರ ಜೊತೆ ಕೆಲಸ ಮಾಡಬೇಕು? ನಿಮಗಿಂತ ಐದಾರು ವರ್ಷ ಚಿಕ್ಕವರ ಜೊತೆ. 1997ರಲ್ಲಿ ಬಂದ ಅಮೆರಿಕದ ಒಂದು ದೊಡ್ಡ ಸಮೀಕ್ಷೆಯ ವಿಶ್ಲೇಷಣೆಯಲ್ಲಿ, 15 ವರ್ಷಕ್ಕೆ ಮುಂಚೆಯೇ ಕುಡಿಯಲು ಶುರು ಮಾಡಿದವರಲ್ಲಿ ಸುಮಾರು 40% ಜನ ಜೀವನದಲ್ಲಿ ಯಾವಾಗಲಾದರೂ ಕುಡಿತಕ್ಕೆ ದಾಸರಾಗಿದ್ದರು. 20 ದಾಟಿದ ಮೇಲೆ ಶುರು ಮಾಡಿದವರಲ್ಲಿ ಸುಮಾರು 10%. ಬೇಗ ಶುರು ಮಾಡಿದ್ದೇ ಕಾರಣ ಎಂದು ಪೂರ್ತಿ ಹೇಳಲಾಗದು. ಮನೆಯ ಕಷ್ಟ, ಹುಟ್ಟಿನಿಂದ ಬಂದ ಸ್ವಭಾವ ಎಲ್ಲ ಸೇರಿರುತ್ತದೆ. ಆದರೂ ಮಿದುಳಿನ ಒಂದು ಭಾಗ, ಅದರಲ್ಲೂ ತಡೆದು ಯೋಚಿಸುವ ಭಾಗ, ಇಪ್ಪತ್ತೈದರ ಆಸುಪಾಸಿನವರೆಗೂ ಬೆಳೆಯುತ್ತಲೇ ಇರುತ್ತದೆ. ಹಾಗಾಗಿ ಒಬ್ಬ ಹುಡುಗ ‘ಎಂದಿಗೂ ಮುಟ್ಟಲ್ಲ’ ಅಂತ ಆಣೆ ಮಾಡದಿದ್ದರೂ ಪರವಾಗಿಲ್ಲ. ಮೂರು ವರ್ಷ ತಡವಾದರೆ ಅದೂ ಸಣ್ಣ ಮಾತಲ್ಲ. ಫ್ಲೋರಿಡಾದಲ್ಲಿ ಸಣ್ಣವರ ಲೆಕ್ಕ ಹೆಚ್ಚು ಇಳಿದದ್ದನ್ನು ಗಮನಿಸಿ ಎಂದಿದ್ದು ಇದಕ್ಕೇ.

ಆ ಮಕ್ಕಳಿಗೆ ನೀವು ಕೊಡಬೇಕಾದದ್ದು ಸಂಜೆಯನ್ನು. ಆಟ, ಹಾಡು, ಸೈಕಲ್, ನಾಟಕ, ರಿಪೇರಿ ಕೆಲಸ, ಏನಾದರೂ ಸರಿ, ವಾರದ ಗೊತ್ತಾದ ದಿನ, ಗೊತ್ತಾದ ಹೊತ್ತು. ಒಂದು ಎಚ್ಚರಿಕೆ: ‘ದಾರಿ ತಪ್ಪಿದ ಹುಡುಗರ’ ಪಟ್ಟಿ ಮಾಡಿ ಅವರನ್ನೆಲ್ಲ ಒಂದೇ ಕಡೆ ಸೇರಿಸಬೇಡಿ. ಅಂಥ ಮಕ್ಕಳನ್ನೇ ಗುಂಪಾಗಿ ಕೂರಿಸಿದರೆ ಒಬ್ಬರಿಂದೊಬ್ಬರು ಕಲಿತು ತೊಂದರೆ ಹೆಚ್ಚಾಗಬಹುದು ಎಂದು ಡಿಷಿಯನ್ ಮತ್ತು ಜೊತೆಯವರು 1999ರಲ್ಲೇ ತೋರಿಸಿದ್ದಾರೆ. ಎಲ್ಲರ ಜೊತೆ ಅವರೂ ಇರಲಿ, ತಂಡಕ್ಕೆ ಒಬ್ಬರೋ ಇಬ್ಬರೋ. ಪಟ್ಟಿ ಎನ್ನುವುದು ಯಾರ ಕೈಗೂ ಸಿಗದಂತೆ, ಅಸಲಿಗೆ ಇಲ್ಲವೇ ಇಲ್ಲದಂತೆ ಇರಲಿ.

ಈಗ ನೀವು ಮಾಡಬಾರದ ಕೆಲಸ. ಮಾರುವವರನ್ನು ಹಿಂಬಾಲಿಸುವುದು, ಫೋಟೊ ತೆಗೆಯುವುದು, ಎದುರು ಹಾಕಿಕೊಳ್ಳುವುದು ನಿಮ್ಮ ಕೆಲಸವಲ್ಲ. ಗೊತ್ತಾದದ್ದನ್ನು ಆ ಪಕ್ಕದಲ್ಲಿ ಕೂರುವ ದೊಡ್ಡವರ ಮೂಲಕ ತಲುಪಬೇಕಾದಲ್ಲಿಗೆ ತಲುಪಿಸಿ, ಅಷ್ಟೇ. ಚಿಕಿತ್ಸೆಯೂ ನಿಮ್ಮ ಕೆಲಸವಲ್ಲ. ಯಾರನ್ನಾದರೂ ‘ನಾವೇ ಬಿಡಿಸುತ್ತೇವೆ’ ಅಂತ ಕೋಣೆಯಲ್ಲಿ ಕೂರಿಸಿಬಿಡಬೇಡಿ. ವರ್ಷಗಟ್ಟಲೆ ದಿನಾ ಕುಡಿಯುವವರು, ನಿದ್ದೆ ಮಾತ್ರೆಗೆ ಒಗ್ಗಿಹೋದವರು ಒಮ್ಮೆಲೇ ನಿಲ್ಲಿಸಿದರೆ ಫಿಟ್ಸ್ ಬರಬಹುದು, ಜೀವಕ್ಕೇ ಅಪಾಯವಾಗಬಹುದು. ಅದನ್ನು ಡಾಕ್ಟರ್ ನೋಡಿಕೊಳ್ಳಬೇಕು. ನಿಮ್ಮ ಹತ್ತಿರ ಯಾರಾದರೂ ಗುಟ್ಟು ಹೇಳಿಕೊಂಡರೆ ಕಾಪಾಡಿ. ಆದರೆ ಸಾಯುವ ಮಾತಾಡಿದರೆ, ಯಾರೋ ಹಿಂಸೆ ಕೊಡುತ್ತಿದ್ದಾರೆ ಎಂದರೆ, ಆ ಗುಟ್ಟನ್ನು ಒಬ್ಬ ದೊಡ್ಡವರಿಗೆ ಹೇಳಲೇಬೇಕಾಗುತ್ತದೆ ಎಂದು ಮೊದಲೇ ತಿಳಿಸಿಬಿಡಿ.

ಒಂದು ವಿಷಯ ಮಾತ್ರ ಎಲ್ಲರೂ ಬಾಯಿಪಾಠ ಮಾಡಿಕೊಳ್ಳಿ. ಯಾರಾದರೂ ಎಬ್ಬಿಸಿದರೂ ಏಳುತ್ತಿಲ್ಲ, ಉಸಿರು ತೀರಾ ನಿಧಾನ ಅಥವಾ ಗೊರಗೊರ ಸದ್ದು, ತುಟಿ ಉಗುರು ನೀಲಿಗಟ್ಟಿದೆ ಅಂದರೆ ತಕ್ಷಣ ಆಂಬ್ಯುಲೆನ್ಸ್ ಕರೆಯಿರಿ. ವಾಂತಿ ಗಂಟಲಿಗೆ ಅಡ್ಡ ಬರದ ಹಾಗೆ ಒಂದು ಮಗ್ಗುಲಿಗೆ ಮಲಗಿಸಿ. ಒಬ್ಬರನ್ನೇ ಬಿಟ್ಟು ಹೋಗಬೇಡಿ. ‘ಮಲಗಿದರೆ ಸರಿಹೋಗುತ್ತೆ’ ಎನ್ನುವುದನ್ನು ನಂಬಬೇಡಿ. ತಣ್ಣೀರು ಸುರಿಯುವುದು, ಬಲವಂತವಾಗಿ ಏನಾದರೂ ಕುಡಿಸುವುದು ಬೇಡ. ಉಸಿರೇ ನಿಂತಿದ್ದರೆ ಫೋನಿನಲ್ಲಿರುವವರು ಹೇಳಿದಂತೆ ಎದೆ ಒತ್ತಲು ಶುರು ಮಾಡಿ. ಏನು ತಗೊಂಡಿದ್ದ ಎನ್ನುವುದನ್ನು ಡಾಕ್ಟರಿಗೆ ಮುಚ್ಚಿಡಬೇಡಿ. ಹೆರಾಯಿನ್‌ನಂಥ ಅಫೀಮು ಜಾತಿಯ ವಸ್ತುವಾಗಿದ್ದರೆ ನಲಾಕ್ಸೋನ್ ಎಂಬ ಔಷಧಿ ನಿಂತ ಉಸಿರನ್ನು ವಾಪಸ್ ತರಬಲ್ಲದು, ಹೊತ್ತಿಗೆ ಸರಿಯಾಗಿ ಕೊಟ್ಟರೆ. ಗೆಳೆಯರು ಪೊಲೀಸರಿಗೆ ಹೆದರಿ, ಮನೆಯವರಿಗೆ ಹೆದರಿ ಓಡಿಹೋದದ್ದರಿಂದಲೇ ಹೋದ ಜೀವಗಳಿವೆ.

ಮುಂದಿನ ವರ್ಷದ ಬಗ್ಗೆಯೂ ಈಗಲೇ ಯೋಚಿಸಿ. ಇಂಥ ಗುಂಪುಗಳು ಜಗಳದಿಂದ ಒಡೆಯುವುದು ಕಡಿಮೆ. ಕೆಲಸ ಸಿಕ್ಕು, ಮದುವೆಯಾಗಿ, ಊರು ಬಿಟ್ಟು ಕರಗಿಹೋಗುವುದೇ ಜಾಸ್ತಿ. ಹಾಗಾಗಿ ಮೊದಲ ವರ್ಷವೇ ಹದಿನಾಲ್ಕು, ಹದಿನೈದರ ಮೂವರನ್ನು ಒಳಗೆ ತಗೊಳ್ಳಿ. ಸಹಾಯಕರಾಗಿ ಅಲ್ಲ, ಕೀಲಿ ಇಟ್ಟುಕೊಳ್ಳುವವರಾಗಿ. ಅದೇ ಚೀಟಿಯನ್ನು ಒಂದು ವರ್ಷ ಬಿಟ್ಟು ಅದೇ ತಿಂಗಳು ಮತ್ತೆ ಹಂಚಿ. ಲೆಕ್ಕ ಇಳಿಯದೇ ಇರಬಹುದು. ಆಗ ಎಲ್ಲಿ ತಪ್ಪಿದೆವು ಅಂತ ಕೂತು ನೋಡಲು ಕೈಯಲ್ಲಿ ಏನಾದರೂ ಇರುತ್ತದೆ. ಜಾಥಾ ಮಾಡಿದವರ ಕೈಯಲ್ಲಿ ಫೋಟೊ ಮಾತ್ರ ಇರುತ್ತದೆ.

ಕೊನೆಗೆ ಆ ಹುಡುಗನ ಮಾತು. ಅವನನ್ನು ವೇದಿಕೆಗೆ ಹತ್ತಿಸಬೇಡಿ. ಮಾದಕ ವಸ್ತುಗಳ ಬಗ್ಗೆ ವಿಶ್ವಸಂಸ್ಥೆಯ ಕಚೇರಿ 2013ರಲ್ಲಿ ಪ್ರಕಟಿಸಿದ, 2018ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಜೊತೆ ಸೇರಿ ಪರಿಷ್ಕರಿಸಿದ ಮಾನದಂಡಗಳಲ್ಲಿ, ಹಿಂದೆ ಚಟವಿದ್ದವರನ್ನು ಶಾಲೆಗೆ ಕರೆಸಿ ಅನುಭವ ಹೇಳಿಸುವುದು ಫಲ ಕೊಡದ ದಾರಿಗಳ ಸಾಲಿನಲ್ಲಿದೆ. ಕೇಳುವ ಮಕ್ಕಳು ‘ಬಿದ್ದರೂ ಎದ್ದು ಬರಬಹುದು, ನೋಡು, ಈಗ ಮೈಕ್ ಹಿಡಿದಿದ್ದಾನೆ’ ಎಂದು ತಗೊಂಡರೂ ತಗೊಂಡರು. ಅದಕ್ಕಿಂತ ಮುಖ್ಯವಾಗಿ ಅವನಿಗೆ ಏನಾಗುತ್ತದೆ ಯೋಚಿಸಿ. ಮನೆಗೆ ಬಂದು ಇನ್ನೂ ಎಷ್ಟು ದಿನವಾಯಿತು? ಪ್ರತಿ ಶಾಲೆಯಲ್ಲೂ ಆ ಎರಡು ವರ್ಷವನ್ನು ಮತ್ತೆ ಬದುಕಬೇಕು. ಇಡೀ ಊರಿಗೆ ಅವನು ಇನ್ನು ಯಾವತ್ತೂ ‘ಆ ಹುಡುಗ’ನೇ ಆಗಿಬಿಡುತ್ತಾನೆ. ಮುಂದೆ ಎಂದಾದರೂ ತಾನಾಗಿ ಮಾತಾಡುತ್ತೇನೆ ಅಂದರೆ, ಪೋಷಕರ ಸಭೆಯಲ್ಲಿ, ದೊಡ್ಡವರ ಎದುರು ಮಾತಾಡಲಿ. ಚಿಕಿತ್ಸೆಗೆ ಹೋಗಲು ತಡವಾದದ್ದು ಯಾಕೆ, ಆಗ ಯಾರು ಹೇಗೆ ನಡೆದುಕೊಂಡಿದ್ದರೆ ಚೆನ್ನಾಗಿತ್ತು ಅನ್ನುವುದು ಅವನಿಗಷ್ಟೇ ಗೊತ್ತು, ಅವರಿಗೆ ಅದು ಬೇಕು.

ಸದ್ಯಕ್ಕೆ ಅವನನ್ನು ಆಟಕ್ಕೆ ಕರೆಯಿರಿ. ಚಟ ಬಿಟ್ಟವರಿಗೆ ಹಳೆಯ ಗುಂಪು ಬಿಟ್ಟಮೇಲೆ ಹೊಸ ಗುಂಪು ಸಿಗುವವರೆಗಿನ ದಿನಗಳೇ ಕಷ್ಟದವು, ಅದರಲ್ಲೂ ಸಂಜೆಗಳು. ನಿಮ್ಮ ನಕ್ಷೆಗೆ ಮೊದಲ ಗುರುತು ಹಾಕಲು ಅವನಿಗಿಂತ ಚೆನ್ನಾಗಿ ಗೊತ್ತಿರುವವರೂ ಯಾರೂ ಸಿಗಲಿಕ್ಕಿಲ್ಲ. ಕೇಳಿ ನೋಡಿ, ಬೇಡ ಅಂದರೆ ಒತ್ತಾಯ ಬೇಡ, ಬರೀ ಆಡಿಕೊಂಡು ಹೋಗಲಿ.

ಚೀಟಿಯ ಪ್ರಶ್ನೆಗಳನ್ನು ಬರೆದಾದ ಮೇಲೆ, ಹಂಚುವ ಮೊದಲು ನನಗೊಮ್ಮೆ ಕಳಿಸಿ. ನೋಡಿ ಹೇಳುತ್ತೇನೆ.